ಸಿಟ್ಟಿನಿಂದ ಮಾಡಿದ ಒಳ್ಳೆಯ ಕೆಲಸ

2025ರ ಡಿಸೆಂಬರಿನಲ್ಲಿ ಬೆಳ್ತಂಗಡಿಯಲ್ಲಿ ಗೆಳೆಯರು ಸೇರಿ ಒಂದು ಸಣ್ಣ ಕಥಾಗೋಷ್ಠಿ ಇಟ್ಟುಕೊಂಡಿದ್ದರು. ಇಪ್ಪತ್ತು ಮೂವತ್ತು ಜನ ಇದ್ದಿರಬಹುದು. ನನ್ನನ್ನು ಪರಿಚಯಿಸಿದ ಹಳೆಯ ಮಿತ್ರರು ಕಥೆಗಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ ಕೊನೆಗೆ ಒಂದು ವಾಕ್ಯ ಸೇರಿಸಿದರು: “ಇವರು ಬರೆದಂತೆ ಬದುಕುವವರು. ಬಹುರಾಷ್ಟ್ರೀಯ ಕಂಪೆನಿಯ ತಂತ್ರಾಂಶ ಬೇಡವೆಂದು ಬಿಟ್ಟು, ಮುಕ್ತ ತಂತ್ರಾಂಶವಾದ ಲಿನಕ್ಸ್‌ನಲ್ಲಿ ಕಥೆ ಬರೆಯುತ್ತಿದ್ದಾರೆ. ಅದೂ ತತ್ವಕ್ಕಾಗಿ.” ಜನ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ನಕ್ಕೆ. ಅದು ವಿನಯ ಎಂದು ಎಲ್ಲರೂ ತಿಳಿದುಕೊಂಡರು.

ಸಂಜೆ ಬಿ.ಸಿ. ರೋಡಿಗೆ ಹಿಂದಿರುಗುವ ಬಸ್ಸಿನಲ್ಲಿ ಮಡಂತ್ಯಾರು ದಾಟುವ ಹೊತ್ತಿಗೆ ಆ ಚಪ್ಪಾಳೆ ಎದೆಯಲ್ಲಿ ಮುಳ್ಳಿನಂತೆ ಚುಚ್ಚತೊಡಗಿತು. ನಾನು ತತ್ವಕ್ಕಾಗಿ ಏನನ್ನೂ ಬಿಟ್ಟಿರಲಿಲ್ಲ. ಬಿಟ್ಟದ್ದು ಸಿಟ್ಟಿನಿಂದ, ರೋಸಿ ಹೋಗಿ. ಹೀಗಿರುವಾಗ ಆ ಚಪ್ಪಾಳೆ ನನಗೆ ಸಲ್ಲುತ್ತದೆಯೇ? ರೇಜಿಗೆಯಿಂದ ಮಾಡಿದ ಒಳ್ಳೆಯ ಕೆಲಸವನ್ನು ಒಳ್ಳೆಯ ಕೆಲಸ ಎನ್ನಬಹುದೇ? ಕಂಪ್ಯೂಟರಿನ ಗೊಡವೆ ಇಲ್ಲದವರಿಗೂ ಈ ಪ್ರಶ್ನೆ ಅನ್ವಯಿಸುತ್ತದೆ ಎಂದು ತೋರಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ನಾನು ಹೊಟ್ಟೆಪಾಡಿಗಾಗಿ ಅಡಿಕೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಮನೆಯಲ್ಲಿ 2013ರಲ್ಲಿ ಕೊಂಡ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ಕಥೆ ಬರೆಯಲು ಅದು ಬೇಕಾದಷ್ಟು. ಆದರೆ ಅದರಲ್ಲಿದ್ದ ಆಪರೇಟಿಂಗ್ ಸಿಸ್ಟಂ ಮಾತ್ರ ತನ್ನಿಷ್ಟಕ್ಕೆ ಬಂದಾಗ ನವೀಕರಣಗೊಳ್ಳುತ್ತಿತ್ತು. 2025ರ ಮಳೆಗಾಲದ ಒಂದು ರಾತ್ರಿ ಕಥೆಯೊಂದರ ಕೊನೆಯ ಭಾಗ ಬರೆಯುತ್ತಿದ್ದೆ. ಚಹಾ ತರಲು ಎದ್ದು ಹೋಗಿ ಬರುವಷ್ಟರಲ್ಲಿ ಯಂತ್ರ ತಾನೇ ಆರಿ ತಾನೇ ಹೊತ್ತಿಕೊಂಡಿತ್ತು. ನಾಲ್ಕು ಪುಟ ಮಾಯ. ಅದಾದ ಕೆಲವೇ ದಿನಗಳಲ್ಲಿ ಇನ್ನೊಂದು ಸೂಚನೆ ಬಂತು: ಈಗಿರುವ ಆವೃತ್ತಿಗೆ ಇನ್ನು ಮುಂದೆ ರಕ್ಷಣೆ ಇಲ್ಲ, ಹೊಸ ಆವೃತ್ತಿಗೆ ನಿಮ್ಮ ಕಂಪ್ಯೂಟರ್ ಅರ್ಹವಲ್ಲ. ಹಣ ಕೊಟ್ಟು ಕೊಂಡದ್ದು ನಾನು, ಮನೆ ನನ್ನದು, ಕರೆಂಟ್ ಬಿಲ್ ನನ್ನದು. ಆದರೆ ಯಂತ್ರ ಯಾವಾಗ ಸಾಯಬೇಕೆಂದು ನಿರ್ಧರಿಸುವವರು ಯಾರೋ. ಆ ರಾತ್ರಿ ನನಗೆ ಬಂದ ಸಿಟ್ಟಿನಲ್ಲಿ ಸಿದ್ಧಾಂತದ ಸುಳಿವೂ ಇರಲಿಲ್ಲ. ಹೊಸ ಕಂಪ್ಯೂಟರ್ ಕೊಳ್ಳಲು ಕೈಯಲ್ಲಿ ಹಣ ಇರಲಿಲ್ಲ, ಅಷ್ಟೆ.

ಅನ್ಯಾಯವಾಯಿತೆಂದು ಕೂಗಾಡುವ ಮೊದಲು ನನ್ನ ಹಳೆಯ ಲೆಕ್ಕವನ್ನೂ ನೋಡಬೇಕು. ಲೆಕ್ಕ ಬರೆಯುವವನಿಗೆ ಅದು ತಪ್ಪಿದ್ದಲ್ಲ. 2006ರಲ್ಲಿ ನಾನು ಮೊದಲ ಕಂಪ್ಯೂಟರ್ ಕೊಂಡಾಗ ಅದರಲ್ಲಿದ್ದ ಆಪರೇಟಿಂಗ್ ಸಿಸ್ಟಂ, ಕನ್ನಡದಲ್ಲಿ ಪುಟ ಕಟ್ಟುವ ತಂತ್ರಾಂಶ, ಉರ್ದು ಬರೆಯುವ ತಂತ್ರಾಂಶ ಎಲ್ಲವೂ ನಕಲಿ. ಡಿಟಿಪಿ ಅಂಗಡಿ ಇಟ್ಟಿದ್ದ ಗೆಳೆಯನೊಬ್ಬ ಮೂರು ಸಿಡಿ ಕೊಟ್ಟು “ಹಾಕಿಕೊಳ್ಳಿ ಮಾರಾಯ್ರೆ, ಊರಲ್ಲಿ ಎಲ್ಲರದ್ದೂ ಇದೇ” ಎಂದಿದ್ದ. ಹಾಕಿಕೊಂಡೆ. ಮನಸ್ಸು ಒಂದಿಷ್ಟೂ ಅಳುಕಲಿಲ್ಲ. ದೊಡ್ಡ ಕಂಪೆನಿ, ಕೋಟಿಗಟ್ಟಲೆ ಲಾಭ, ನನ್ನಂಥ ಬಡ ಕಥೆಗಾರನಿಂದ ಅವರಿಗೇನು ನಷ್ಟ? ಜ್ಞಾನ ಎಲ್ಲರ ಸೊತ್ತಲ್ಲವೇ? ಹೀಗೆ ವಾದ ಹೂಡುವುದು ಕಷ್ಟವೇನಲ್ಲ. ಬಡ್ಡಿಯ ಬಗ್ಗೆ, ತೂಕದಲ್ಲಿ ಮೋಸ ಮಾಡುವುದರ ಬಗ್ಗೆ ನಮ್ಮ ಜಮಾಅತಿನಲ್ಲಿ ಗಂಟೆಗಟ್ಟಲೆ ಚರ್ಚೆ ಮಾಡಿದ್ದೇವೆ. ನಕಲಿ ಸಿಡಿಯ ಬಗ್ಗೆ ಒಂದು ದಿನವೂ ಮಾತಾಡಿದ ನೆನಪಿಲ್ಲ.

ಆ ನಕಲಿ ಉರ್ದು ತಂತ್ರಾಂಶದಲ್ಲಿ ನಾನು ಮಾಡಿದ ಮುಖ್ಯ ಕೆಲಸವೆಂದರೆ ಅಮ್ಮಿಯ ಕತೆಗಳನ್ನು ಬರೆದಿಟ್ಟದ್ದು. ನೆರೆಕರೆಯಲ್ಲಿ ಬ್ಯಾರಿ, ತುಳು. ಶಾಲೆಯಲ್ಲಿ ಮೊದಲು ಉರ್ದು, ಆಮೇಲೆ ಕನ್ನಡ. ಮನೆಯಲ್ಲಿ ನಮ್ಮದು ದಖನಿ. ಅಮ್ಮಿ ತನ್ನ ಅಜ್ಜಿಯಿಂದ ಕೇಳಿದ ಕತೆಗಳನ್ನು ದಖನಿಯಲ್ಲಿ ಹೇಳುತ್ತಿದ್ದರು. 2008ರ ಒಂದು ರಂಜಾನಿನಲ್ಲಿ ತರಾವೀಹ್ ಮುಗಿಸಿ ಬಂದ ಮೇಲೆ ದಿನಕ್ಕೊಂದರಂತೆ ಕೇಳಿ ಉರ್ದು ಲಿಪಿಯಲ್ಲಿ ಟೈಪ್ ಮಾಡಿದೆ. 2012ರಲ್ಲಿ ಅಮ್ಮಿ ತೀರಿಕೊಂಡರು. ಫೈಲುಗಳು ಉಳಿದವು.

2016ರಲ್ಲಿ ನಾನು ಆಪರೇಟಿಂಗ್ ಸಿಸ್ಟಂನ ಅಸಲಿ ಪ್ರತಿ ಕೊಂಡೆ. ಅದೂ ತತ್ವಕ್ಕಾಗಿ ಅಲ್ಲ. ಈ ಪ್ರತಿ ಅಸಲಿಯಲ್ಲ ಎಂಬ ಸೂಚನೆ ಪರದೆಯ ಮೂಲೆಯಲ್ಲಿ ಸದಾ ಕಾಣುತ್ತಿತ್ತು. ಆಗಷ್ಟೇ ಇಂಗ್ಲಿಷ್ ಓದಲು ಕಲಿತಿದ್ದ ಮಗಳು ಅದನ್ನು ಓದಿ “ಅಬ್ಬಾ, ಅಸಲಿ ಅಲ್ಲ ಅಂದ್ರೆ ಏನು?” ಎಂದು ಕೇಳಿದಳು. ಮಗಳೆದುರು ನಾಚಿಕೆಯಾಗಿ ಕೊಂಡೆ. ನನ್ನ ಬದುಕಿನಲ್ಲಿ ಸರಿಯಾದ ಕೆಲಸಗಳೆಲ್ಲ ಇಂಥ ಅಡ್ಡದಾರಿಯಿಂದಲೇ ಬಂದಿವೆಯೋ ಏನೋ.

ಈಗ ಪ್ರಶ್ನೆಗೆ ಬರೋಣ. ನಮ್ಮಲ್ಲಿ ನಿಯ್ಯತ್ ಎಂಬ ಮಾತಿದೆ. ಕೆಲಸದ ತೂಕ ಅದರ ಹಿಂದಿನ ಉದ್ದೇಶದಲ್ಲಿದೆ ಎಂಬುದು ಮಕ್ಕಳಾಗಿದ್ದಾಗಲೇ ಮದರಸದಲ್ಲಿ ಕಲಿತ ಪಾಠ. ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರಲ್ಲಿ ಪ್ರಕಟಿಸಿದ ನೀತಿಶಾಸ್ತ್ರದ ಗ್ರಂಥದಲ್ಲಿ ಒಬ್ಬ ಅಂಗಡಿಯವನ ಉದಾಹರಣೆ ಕೊಡುತ್ತಾನೆ. ಆತ ಏನೂ ಅರಿಯದ ಗಿರಾಕಿಗೂ, ಚಿಕ್ಕ ಮಗುವಿಗೂ ಸರಿಯಾದ ಬೆಲೆಗೇ ಮಾರುತ್ತಾನೆ. ಆದರೆ ವ್ಯಾಪಾರ ಚೆನ್ನಾಗಿ ನಡೆಯಲಿ ಎಂಬ ಲೆಕ್ಕಾಚಾರದಿಂದ ಹಾಗೆ ಮಾಡಿದರೆ ಆ ಪ್ರಾಮಾಣಿಕತೆಗೆ ನೈತಿಕ ಬೆಲೆ ಇಲ್ಲ ಎಂಬುದು ಕಾಂಟನ ವಾದ. ಮದರಸದ ಉಸ್ತಾದರ ಮುಂದೆ ನಿಂತರೂ ಕಾಂಟನ ಮುಂದೆ ನಿಂತರೂ ನಾನು ನಪಾಸು.

ಆದರೆ ನಾನು ಯಾವ ಮನೆಗೆ ವಲಸೆ ಹೋದೆನೋ ಆ ಮನೆಯ ಚರಿತ್ರೆ ಓದಿದಾಗ ಸ್ವಲ್ಪ ಸಮಾಧಾನವಾಯಿತು. ಆ ಮನೆಯ ಅಡಿಪಾಯವೂ ಒಂದು ರೇಜಿಗೆಯೇ. ಅಮೆರಿಕದ ಎಂಐಟಿ ಸಂಸ್ಥೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬ ತಂತ್ರಜ್ಞ ಇದ್ದರು. 1980ರ ಆಸುಪಾಸಿನಲ್ಲಿ ಅಲ್ಲಿಗೆ ಜೆರಾಕ್ಸ್ ಕಂಪೆನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಅದರಲ್ಲಿ ಆಗಾಗ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಮುದ್ರಣಕ್ಕೆ ಕೊಟ್ಟು ಬೇರೆ ಮಹಡಿಯಲ್ಲಿ ಕುಳಿತವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಹಳೆಯ ಪ್ರಿಂಟರಿನ ತಂತ್ರಾಂಶವನ್ನು ಸ್ಟಾಲ್ಮನ್ ತಾವೇ ತಿದ್ದಿ, ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಹೋಗುವಂತೆ ಮಾಡಿದ್ದರು. ಹೊಸದರಲ್ಲಿ ಅದು ಸಾಧ್ಯವಿರಲಿಲ್ಲ, ಏಕೆಂದರೆ ಕಂಪೆನಿ ಅದರ ಮೂಲ ಸಂಕೇತವನ್ನು ಕೊಟ್ಟಿರಲಿಲ್ಲ. ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಅದು ಇದ್ದವರ ಬಳಿ ಹೋಗಿ ಕೇಳಿದರು. ಯಾರಿಗೂ ಕೊಡುವುದಿಲ್ಲವೆಂದು ಸಹಿ ಹಾಕಿದ್ದೇನೆ ಎಂಬ ಉತ್ತರ ಬಂತು.

ಇಲ್ಲಿಯವರೆಗೆ ಸ್ಟಾಲ್ಮನ್‌ಗೂ ನನಗೂ ವ್ಯತ್ಯಾಸವಿಲ್ಲ. ಇಬ್ಬರೂ ಯಂತ್ರದ ಮೇಲೆ ಸಿಟ್ಟಾದವರು. ವ್ಯತ್ಯಾಸ ಆಮೇಲಿನದು. ನನ್ನ ಪ್ರಿಂಟರನ್ನು ಸರಿಮಾಡುವುದು ಹೇಗೆ ಎಂದಷ್ಟೇ ಅವರು ಕೇಳಿಕೊಳ್ಳಲಿಲ್ಲ. ಆ ಸಹಿಯಿಂದ ಮೋಸ ಹೋದವನು ನಾನೊಬ್ಬನೇ ಅಲ್ಲ, ಎಲ್ಲರೂ ಎಂದು ಕಂಡುಕೊಂಡರು. 1983ರ ಸೆಪ್ಟೆಂಬರಿನಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸಿದರು. ಮರುವರ್ಷ ಕೆಲಸ ಬಿಟ್ಟು ಅದಕ್ಕೇ ನಿಂತರು. ಯಾರು ಬೇಕಾದರೂ ಬಳಸಬಹುದು, ಒಳಗೆ ಹೇಗಿದೆಯೆಂದು ನೋಡಿ ತಿದ್ದಬಹುದು, ಹಂಚಬಹುದು, ತಿದ್ದಿದ್ದನ್ನೂ ಹಂಚಬಹುದು. ಆದರೆ ಹಂಚುವಾಗ ಪಡೆದವನಿಗೂ ಅದೇ ಸ್ವಾತಂತ್ರ್ಯ ಕೊಡಬೇಕು. ಈ ಷರತ್ತನ್ನು 1989ರಲ್ಲಿ ಜಿಪಿಎಲ್ ಎಂಬ ಪರವಾನಗಿಯಾಗಿ ಬರೆದರು. 1991ರಲ್ಲಿ ಫಿನ್‌ಲೆಂಡಿನ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ ಮನೆಯ ಕಂಪ್ಯೂಟರಿಗಾಗಿ ಹವ್ಯಾಸಕ್ಕೆಂದು ಒಂದು ಆಪರೇಟಿಂಗ್ ಸಿಸ್ಟಂನ ತಿರುಳನ್ನು ಬರೆದರು. 1992ರಲ್ಲಿ ಅದನ್ನು ಅದೇ ಪರವಾನಗಿಯಡಿ ಬಿಟ್ಟುಕೊಟ್ಟರು. ಇವೆರಡೂ ಕೂಡಿದ್ದೇ ಇಂದು ನಾವು ಲಿನಕ್ಸ್ ಎಂದು ಕರೆಯುವ ವ್ಯವಸ್ಥೆ. ಒಬ್ಬರದು ಸಿಟ್ಟು, ಇನ್ನೊಬ್ಬರದು ಹವ್ಯಾಸ. ಆರಂಭ ಯಾರದೂ ಶುದ್ಧ ತತ್ವದಿಂದ ಆದದ್ದಲ್ಲ.

ನನ್ನ ಯಂತ್ರಕ್ಕೆ ಲಿನಕ್ಸ್ ಹಾಕಿದವನು ಅಕ್ಕನ ಮಗ. ಮೂಡುಬಿದಿರೆಯಲ್ಲಿ ರೂಮು ಮಾಡಿಕೊಂಡು ಇಂಜಿನಿಯರಿಂಗ್ ಓದುತ್ತಾನೆ. ಕಂಪ್ಯೂಟರಿನ ಪೆಟ್ಟಿಗೆಯನ್ನು ಬೆಡ್‌ಶೀಟಿನಲ್ಲಿ ಕಟ್ಟಿ ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆ. ಅವನು ಪೆನ್‌ಡ್ರೈವಿನಿಂದ ಲಿನಕ್ಸ್ ಮಿಂಟ್ ಎಂಬುದನ್ನು ಚಾಲೂ ಮಾಡಿದ. ಹಳೆಯದನ್ನು ಅಳಿಸದೆಯೇ ಮೊದಲು ನೋಡಬಹುದಂತೆ. “ಮಾಮು, ಮೆಷಿನ್ನಿಗೆ ಏನೂ ಆಗಿಲ್ಲ. ಇದನ್ನು ಬಿಸಾಡಲಿಕ್ಕೆ ಹೊರಟಿದ್ರಾ ನೀವು?” ಎಂದ. ಹಳೆಯ ಹಾರ್ಡ್ ಡಿಸ್ಕಿನ ಪ್ರತಿ ತೆಗೆದಿಟ್ಟು ಹೊಸದನ್ನು ಸೇರಿಸುವ ಕೆಲಸಕ್ಕೆ ಎರಡು ಗಂಟೆ ಬೇಕೆಂದಾಗ ನಾನು ಹೊರಗೆ ತಿರುಗಾಡಲು ಹೋದೆ.

ಮೂಡುಬಿದಿರೆಗೆ ಹೋದರೆ ಕಾಲು ಬಸದಿಗಳ ಕಡೆಗೆ ತಾನಾಗಿ ತಿರುಗುತ್ತದೆ. ಜೈನರ ಗುರು ಬಸದಿಯನ್ನು ಸಿದ್ಧಾಂತ ಬಸದಿ ಎಂದೂ ಕರೆಯುತ್ತಾರೆ. ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ ಮತ್ತು ಅದರ ಜೊತೆಯ ಗ್ರಂಥಗಳ ಪ್ರಾಚೀನ ತಾಳೆಗರಿ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಉಳಿದದ್ದು ಈ ಊರಿನಲ್ಲಿ. ಬಹುಕಾಲ ಅವು ದರ್ಶನಕ್ಕೆ ಮಾತ್ರ, ಓದಲಿಕ್ಕಲ್ಲ. 19ನೇ ಶತಮಾನದ ಕೊನೆಯಲ್ಲಿ, ಗರಿಗಳು ನಾಶವಾದಾವೆಂಬ ಚಿಂತೆಯಿಂದ ಪ್ರತಿ ಮಾಡಿಸುವ ಏರ್ಪಾಡಾಯಿತು. ಪ್ರತಿ ಊರಿನಿಂದ ಹೊರಗೆ ಹೋಗುವಂತಿರಲಿಲ್ಲ. ಆದರೆ ನಕಲು ಮಾಡಲು ನೇಮಕವಾದ ವಿದ್ವಾಂಸರಲ್ಲಿ ಒಬ್ಬರು ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಕೊಂಡರು. ಅದು ಉತ್ತರ ಭಾರತದ ಸಹಾರನಪುರವನ್ನು ಸೇರಿತು. ಅಲ್ಲಿಂದ ಹಬ್ಬಿದ ನಕಲುಗಳನ್ನು ಆಧರಿಸಿ ಹೀರಾಲಾಲ್ ಜೈನ್ ಅವರು 1939ರಲ್ಲಿ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಮುಂದೆ ಮೂಡುಬಿದಿರೆಯವರೇ ಮೂಲ ಗರಿಗಳೊಂದಿಗೆ ಹೋಲಿಸಿ ನೋಡಲು ನೆರವಾದರು. ಒಟ್ಟು 16 ಸಂಪುಟಗಳು ಬಂದವು.

ಬಸದಿಯ ಹೊರಗಿನ ಕಟ್ಟೆಯ ಬಳಿ ನಿಂತು ಯೋಚಿಸಿದೆ. ಗುಟ್ಟಾಗಿ ಪ್ರತಿ ಮಾಡಿದ್ದು ಸರಿಯೇ? ಒಪ್ಪಿಕೊಂಡ ಮಾತನ್ನು ಮುರಿದದ್ದಂತೂ ನಿಜ. ಆದರೆ ಆ ಪ್ರತಿಯಿಂದಾಗಿ ಗ್ರಂಥ ಲೋಕಕ್ಕೆ ಸಿಕ್ಕಿತು ಎಂಬುದೂ ನಿಜ. ಹಾಗೆಯೇ, ಬೀಗ ಹಾಕಿ ಕಾಪಾಡಿದವರು ಇಲ್ಲದಿದ್ದರೆ ನಕಲು ಮಾಡಲು ಏನೂ ಉಳಿಯುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಗೆದ್ದಲು, ಮಳೆ, ತೇವ ಎಲ್ಲವನ್ನೂ ದಾಟಿಸಿ ಗರಿಗಳನ್ನು ಉಳಿಸಿದವರು ಅದನ್ನು ತಮ್ಮ ಸ್ವತ್ತೆಂದು ಅಲ್ಲ, ಅಮಾನತ್ ಎಂದು ತಿಳಿದಿದ್ದರು.

ಆ ನಕಲನ್ನೂ ನನ್ನ ನಕಲಿ ಸಿಡಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಇಪ್ಪತ್ತು ವರ್ಷ ನಾನು ಹೂಡುತ್ತಿದ್ದ ವಾದ ಮುರಿದು ಬಿತ್ತು. ಜ್ಞಾನ ಎಲ್ಲರದು ಎಂದು ನಾನು ಹೇಳುತ್ತಿದ್ದೆ. ಆದರೆ ನನ್ನ ನಕಲಿನಿಂದ ಯಾವ ಜ್ಞಾನ ಯಾರಿಗೆ ತೆರೆದುಕೊಂಡಿತ್ತು? ಯಾರಿಗೂ ಇಲ್ಲ. ಬೀಗ ಮೊದಲು ಇದ್ದಲ್ಲಿಯೇ ಇತ್ತು. ಕಿಂಡಿಯಿಂದ ನುಗ್ಗಿ ನನಗೆ ಬೇಕಾದ್ದನ್ನು ತೆಗೆದುಕೊಂಡು ಬಂದಿದ್ದೆ, ಅಷ್ಟೆ. ಅಷ್ಟೇ ಅಲ್ಲ, ಊರಿನವರೆಲ್ಲ ಹೀಗೆ ನುಗ್ಗಿ ಅದೇ ಮನೆಗೆ ಒಗ್ಗಿಹೋದದ್ದರಿಂದ ಬೇರೆ ಮನೆ ಇದೆಯೆಂಬುದನ್ನೇ ಯಾರೂ ಹುಡುಕಲಿಲ್ಲ. ಅನ್ಯಾಯದ ಬೀಗವನ್ನು ಕದ್ದು ತೆರೆಯುವವನು ಆ ಬೀಗದ ವಿರೋಧಿಯಲ್ಲ, ಅದರ ಗುಟ್ಟಿನ ಗಿರಾಕಿ. ಮಾಲೀಕ ಶ್ರೀಮಂತ ಎಂಬುದು ನನ್ನ ಕಳವನ್ನು ಕಳವಲ್ಲದಂತೆ ಮಾಡುವುದಿಲ್ಲ.

ಕಳವಿನ ಬೆಲೆ ಎಷ್ಟೆಂಬುದು ಯಂತ್ರ ಮನೆಗೆ ತಂದ ಮೇಲೆ ಗೊತ್ತಾಯಿತು. ಲಿನಕ್ಸ್‌ನಲ್ಲಿ ಕನ್ನಡ ಬಂತು. ಉರ್ದುವಿಗೆ ಸೊಗಸಾದ ನಸ್ತಾಲೀಕ್ ಅಕ್ಷರವೂ ಉಚಿತವಾಗಿ ಸಿಕ್ಕಿತು. ಹಳೆಯ ಪ್ರಿಂಟರ್ ಎರಡು ವಾರ ಮುನಿಸಿಕೊಂಡು ಆಮೇಲೆ ದಾರಿಗೆ ಬಂತು. ಆದರೆ ಅಮ್ಮಿಯ ಫೈಲುಗಳು ತೆರೆಯಲಿಲ್ಲ. ಅವು ಆ ಹಳೆಯ ಉರ್ದು ತಂತ್ರಾಂಶಕ್ಕೆ ಮಾತ್ರ ಅರ್ಥವಾಗುವ ರೂಪದಲ್ಲಿದ್ದವು. ಹಣ ಕೊಟ್ಟು ಕೊಂಡಿದ್ದರೆ ಸಹಾಯ ಕೇಳುವ ಹಕ್ಕಾದರೂ ಇರುತ್ತಿತ್ತು. ಕದ್ದವನು ಯಾವ ಮುಖದಿಂದ ಕೇಳುವುದು? ಅಮ್ಮಿಯ ಮಾತುಗಳನ್ನು ನಾನು ಕದ್ದ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಇನ್ನೊಂದು ಕಡೆ ಅದೇ ತಂತ್ರಾಂಶದ ನಕಲಿ ಪ್ರತಿ ತಂದು ಒಮ್ಮೆ ತೆರೆದು ನೋಡೋಣ ಎಂಬ ಯೋಚನೆ ಬಾರದೇ ಇರಲಿಲ್ಲ. ಅಮ್ಮಿಗಾಗಿ ಅಲ್ಲವೇ ಎಂದು ಮನಸ್ಸು ಪುಸಲಾಯಿಸಿತು.

ಪುಣ್ಯಕ್ಕೆ 2008ರಲ್ಲೇ ಮುದ್ರಿಸಿಟ್ಟಿದ್ದ ಪ್ರತಿಯೊಂದು ಕಪಾಟಿನಲ್ಲಿ ಸಿಕ್ಕಿತು. 43 ಹಾಳೆ. ಅಂಚು ಹಳದಿಯಾಗಿತ್ತು. ಮಗಳಿಗೆ ಉರ್ದು ಅಷ್ಟಕ್ಕಷ್ಟೆ. ಅವಳು ತಡವರಿಸಿ ಓದುವುದು, ನಾನು ತಿದ್ದಿ ಟೈಪ್ ಮಾಡುವುದು ಎಂದು ಮಾಡಿಕೊಂಡೆವು. ಎರಡು ತಿಂಗಳು ಹಿಡಿಯಿತು. ದಾದಿ ಹೀಗೆಲ್ಲ ಮಾತಾಡುತ್ತಿದ್ದರಾ ಎಂದು ಅವಳು ನಡುನಡುವೆ ನಗುತ್ತಿದ್ದಳು. ಈಗ ಅವು ಯೂನಿಕೋಡಿನಲ್ಲಿ, ಯಾವ ಯಂತ್ರದಲ್ಲೂ ಯಾರೂ ತೆರೆಯಬಹುದಾದ ರೂಪದಲ್ಲಿವೆ.

ಈ ಕೆಲಸ ಮಾಡುತ್ತಿದ್ದಾಗ ಒಂದು ಸಂಗತಿ ಮನಸ್ಸಿಗೆ ಬಂತು. ನಾನು ಒಂದು ಪೈಸೆಯನ್ನೂ ಕೊಟ್ಟಿರಲಿಲ್ಲ, ಆದರೂ ಇದು ಬಿಟ್ಟಿಯಲ್ಲ. ಕನ್ನಡಕ್ಕೆ ನಾನು ಬಳಸುವುದು ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ. ಕೊಂಚ ಮಾರ್ಪಾಡಿನೊಂದಿಗೆ ಕರ್ನಾಟಕ ಸರ್ಕಾರ ಪ್ರಮಾಣೀಕರಿಸಿದ್ದು ಅದನ್ನೇ. ಅವರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟ ಕನ್ನಡ ತಂತ್ರಾಂಶವನ್ನೂ ಉಚಿತವಾಗಿ ಹಂಚಿದವರು. ಆ ವಿನ್ಯಾಸವನ್ನು ಲಿನಕ್ಸ್‌ಗೆ ಅಳವಡಿಸಿದವರು, ಅಕ್ಷರ ಕೆತ್ತಿದವರು, ಮೆನುವಿನ ಪದಗಳನ್ನು ಕನ್ನಡಕ್ಕೆ ತಂದವರು ಬೇರೆ ಯಾರೋ. ಹೆಚ್ಚಿನವರ ಹೆಸರೂ ನನಗೆ ತಿಳಿಯದು. ಊರಿನ ಬಾವಿಯಿಂದ ನೀರು ಸೇದುವವನಿಗೆ ಬಿಲ್ ಬರುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಕೆಸರು ತೆಗೆಯಲು ಇಳಿಯುವವರಲ್ಲಿ ಅವನೂ ಒಬ್ಬನಾಗಬೇಕು. ಕನ್ನಡದ ಅನುವಾದ ಇನ್ನೂ ಅರ್ಧಂಬರ್ಧ. ಕೆಲವು ಸೂಚನೆಗಳ ಕನ್ನಡ ಕನ್ನಡಿಗರಿಗೇ ಅರ್ಥವಾಗದಂತಿದೆ. ಅಕ್ಕನ ಮಗನ ಸಹಾಯದಿಂದ ರಾತ್ರಿ ಹೊತ್ತು ಕೆಲವು ವಾಕ್ಯಗಳನ್ನು ತಿದ್ದಿ ಕಳಿಸುತ್ತಿದ್ದೇನೆ. ಅಂಥ ದೊಡ್ಡ ಕೆಲಸವೇನಲ್ಲ, ಕೆಸರಿನ ಒಂದು ಬುಟ್ಟಿ.

ರಂಜಾನ್ ಹಬ್ಬಕ್ಕೆ ಮಂಜೇಶ್ವರದ ನೆಂಟರು ಬಂದಿದ್ದರು. ಅವರ ಮಗಳು ಅಲ್ಲಿಯ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಓದುತ್ತಾಳೆ. ನನ್ನ ಪರದೆ ನೋಡಿ “ಇದು ನಮ್ಮ ಶಾಲೆಯಲ್ಲಿ ಇರುವಂಥದ್ದೇ ಅಲ್ವಾ?” ಎಂದು ಕೂತು ಸರಾಗವಾಗಿ ಚಿತ್ರ ಬಿಡಿಸತೊಡಗಿದಳು. ಕೇರಳದ ಸರ್ಕಾರಿ ಶಾಲೆಗಳು ಐಟಿ ಅಟ್ ಸ್ಕೂಲ್ ಯೋಜನೆಯಲ್ಲಿ 2000ರ ದಶಕದಲ್ಲೇ ಮುಕ್ತ ತಂತ್ರಾಂಶಕ್ಕೆ ಬದಲಾದವು. ಆ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಕ್ಕಳಿಗಾಗಿ ಈ ವಿಷಯದ ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಆ ಹುಡುಗಿ ಯಾರ ಮೇಲೂ ಸಿಟ್ಟಾಗಬೇಕಾಗಲಿಲ್ಲ, ಏನನ್ನೂ ಕದಿಯಬೇಕಾಗಲಿಲ್ಲ, ತ್ಯಾಗದ ಚಪ್ಪಾಳೆಯೂ ಅವಳಿಗೆ ಬೇಕಿಲ್ಲ. ನಾನು ನಲವತ್ತೇಳು ವರ್ಷಕ್ಕೆ ತಲುಪಿದ ಜಾಗ ಅವಳಿಗೆ ಆರಂಭದ ಜಾಗ. ಒಳ್ಳೆಯದು ಮಾಡಲು ಒಬ್ಬೊಬ್ಬರೂ ರೋಸಿ ಹೋಗುವವರೆಗೆ ಕಾಯಬೇಕಾದ ಸಮಾಜಕ್ಕಿಂತ, ಒಳ್ಳೆಯದೇ ವಾಡಿಕೆಯಾಗಿರುವ ಸಮಾಜ ಮೇಲಲ್ಲವೇ? ವ್ಯಕ್ತಿಯ ನಿಯ್ಯತ್ತನ್ನು ತೂಗುವಾಗ ನಾವು ಇದನ್ನು ಮರೆಯುತ್ತೇವೆ.

ನನ್ನ ನಿಯ್ಯತ್ತಿಗೆ ಪರೀಕ್ಷೆಯೂ ಬಂತು. ದಮ್ಮಾಮಿನಲ್ಲಿರುವ ಭಾವ ಮಗಳ ಕಾಲೇಜಿಗೆಂದು ಹೊಸ ಲ್ಯಾಪ್‌ಟಾಪ್ ಕಳಿಸಿದರು. ಅದರಲ್ಲಿ ಅದೇ ಹಳೆಯ ಕಂಪೆನಿಯ ಹೊಸ ಆವೃತ್ತಿ, ಅಸಲಿ ಪ್ರತಿ. ವೇಗವಾಗಿದೆ, ತಂಟೆ ಮಾಡುವುದಿಲ್ಲ. ಅಂದರೆ ನನ್ನ ಸಿಟ್ಟಿಗೆ ಈಗ ಕಾರಣವಿಲ್ಲ. ಮಗಳು “ರಾತ್ರಿ ನೀವೇ ಇದರಲ್ಲಿ ಬರೀರಿ ಅಬ್ಬಾ” ಎಂದಳು. ಎರಡು ರಾತ್ರಿ ಬರೆದೆ. ಮೂರನೆಯ ರಾತ್ರಿ ಹಳೆಯ ಡೆಸ್ಕ್‌ಟಾಪಿಗೆ ಮರಳಿದೆ. ಮಗಳಿಗೆ ಅದನ್ನು ಬಿಡು ಎಂದು ಹೇಳಲಿಲ್ಲ. ಅವಳ ಓದಿಗೆ ಅದು ಬೇಕು, ಅದು ಕದ್ದದ್ದೂ ಅಲ್ಲ.

ಯಾಕೆ ಮರಳಿದೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಒಂದು ಪಾಲು ಅಭ್ಯಾಸ. ಇನ್ನೊಂದು ಪಾಲು, ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಬೆಳ್ತಂಗಡಿಯ ಆ ಚಪ್ಪಾಳೆ. ಮೂರನೆಯ ಪಾಲು ಆ ಹೆಸರಿಲ್ಲದವರ ಋಣ, ಇನ್ನೂ ತಿದ್ದಲು ಬಾಕಿ ಇರುವ ವಾಕ್ಯಗಳು. ಸಿಟ್ಟು ಎಂಬುದು ಆ ಪಟ್ಟಿಯಲ್ಲಿ ಈಗ ಇಲ್ಲ. ಅದು ನನ್ನನ್ನು ಹಳೆಯ ಮನೆಯಿಂದ ಹೊರಗೆ ಹಾಕಿತು, ಅಲ್ಲಿಗೆ ಅದರ ಕೆಲಸ ಮುಗಿಯಿತು. ನಿಯ್ಯತ್ ಎಂದರೆ ಹೊರಡುವಾಗ ಒಮ್ಮೆ ಮಾಡಿ ಮುಗಿಸುವಂಥದ್ದು ಎಂದುಕೊಂಡಿದ್ದೆ. ಹೊರಟ ಮೇಲೆಯೂ, ಪ್ರತಿ ರಾತ್ರಿ, ಅದನ್ನು ಮತ್ತೆ ಮಾಡಿಕೊಳ್ಳಬೇಕಾಗುತ್ತದೆ.

ಮೊನ್ನೆ ಆ ಬೆಳ್ತಂಗಡಿಯ ಮಿತ್ರರಿಗೆ ಫೋನ್ ಮಾಡಿ, ನೀವು ಹೇಳಿದ್ದು ಸರಿಯಲ್ಲ, ನಾನು ತತ್ವಕ್ಕಾಗಿ ಬಿಟ್ಟದ್ದಲ್ಲ, ನಾಲ್ಕು ಪುಟ ಹಾರಿ ಹೋದ ಸಿಟ್ಟಿಗೆ ಬಿಟ್ಟದ್ದು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರಲಿ ಮಾರಾಯ್ರೆ, ನಮ್ಮ ಕಂಪ್ಯೂಟರೂ ಹಾಗೇ ಆಗಿದೆ. ಆ ಹುಡುಗ ಇಲ್ಲಿಗೊಮ್ಮೆ ಬರಬಹುದಾ?” ಎಂದು ಕೇಳಿದರು. ಬರುವ ಭಾನುವಾರ ಅಕ್ಕನ ಮಗನನ್ನು ಕರೆದುಕೊಂಡು ಹೋಗುತ್ತಿದ್ದೇನೆ.